.22 ರೈಫಲ್‌ಗೆ ನಂಬಬಹುದಾದ ಕಾಡತೂಸು: ಆರಿಸುವುದು, ಪರೀಕ್ಷಿಸುವುದು, ಕೆಡದಂತೆ ಇಡುವುದು

.22 ಎಲ್‌ಆರ್ (ಲಾಂಗ್ ರೈಫಲ್) ಕಾಡತೂಸಿನ ತಳವನ್ನು ಒಮ್ಮೆ ಗಮನಿಸಿ ನೋಡಿ. 12 ಬೋರ್ ತೋಟೆಯಲ್ಲಾಗಲಿ ದೊಡ್ಡ ರೈಫಲ್‌ನ ಕಾಡತೂಸಿನಲ್ಲಾಗಲಿ ನಟ್ಟನಡುವೆ ಕಾಣುವ ಪ್ರೈಮರ್ ಬಟ್ಟಲು ಇದಕ್ಕಿಲ್ಲ. ಕಿಡಿ ಹೊತ್ತಿಸುವ ಮದ್ದು ಅಂಚಿನ ಮಡಿಕೆಯೊಳಗೆ, ಅಂದರೆ ರಿಮ್‌ನಲ್ಲಿ, ಸುತ್ತಲೂ ತೆಳ್ಳಗೆ ತುಂಬಿರುತ್ತದೆ. ಕಾರ್ಖಾನೆಯಲ್ಲಿ ಹಸಿ ಮದ್ದನ್ನು ಕೇಸಿನ, ಅಂದರೆ ಹಿತ್ತಾಳೆ ಕವಚದ, ತಳಕ್ಕೆ ಹಾಕಿ, ಜೋರಾಗಿ ತಿರುಗಿಸಿ ಅದು ಮಡಿಕೆಯೊಳಗೆ ಸೇರುವಂತೆ ಮಾಡುತ್ತಾರೆ. ಎಲ್ಲೋ ಒಂದು ಕಡೆ ಮದ್ದು ತಲುಪದೆ ಖಾಲಿ ಉಳಿದು, ಫೈರಿಂಗ್ ಪಿನ್ ಸರಿಯಾಗಿ ಅಲ್ಲೇ ಬಡಿದರೆ ಈಡು ಹಾರುವುದಿಲ್ಲ. ರಿಮ್‌ಫೈರ್ ಕಾಡತೂಸಿನಲ್ಲಿ ಮಿಸ್‌ಫೈರ್ ಪ್ರಮಾಣ ಬೇರೆಯವಕ್ಕಿಂತ ಹೆಚ್ಚಿರುವುದಕ್ಕೆ ಮೂಲ ಕಾರಣ ಇದೇ. ಖಾಲಿ ಕೇಸನ್ನು ಮನೆಯಲ್ಲಿ ಮತ್ತೆ ತುಂಬಿಸಿಕೊಳ್ಳುವ ದಾರಿಯೂ ಇಲ್ಲ. ಪಿನ್ ಬಡಿದ ಕೂಡಲೇ ರಿಮ್ ಜಜ್ಜಿಹೋಗಿರುತ್ತದೆ. ಹಾಗಾಗಿ ಗುಣಮಟ್ಟ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಶೂಟರ್ ಕೈಯಲ್ಲಿರುವುದು ಮೂರೇ ಕೆಲಸ: ಸರಿಯಾದ್ದನ್ನು ಆರಿಸುವುದು, ತನ್ನ ರೈಫಲ್‌ನಲ್ಲಿ ಪರೀಕ್ಷಿಸುವುದು, ಕೆಡದಂತೆ ಇಡುವುದು.

"ಯಾವ ಕಂಪನಿಯದು ಒಳ್ಳೆಯದು?" ಎಂದು ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಒಂದೇ ಕಂಪನಿಯ, ಒಂದೇ ಹೆಸರಿನ ಎರಡು ಡಬ್ಬಿಗಳು ಬೇರೆ ಬೇರೆ ಲಾಟ್‌ನವಾದರೆ, ಅಂದರೆ ಬೇರೆ ಬೇರೆ ಕಂತಿನಲ್ಲಿ ತಯಾರಾದವಾದರೆ, ಒಂದೇ ರೈಫಲ್‌ನಲ್ಲಿ ಬೇರೆ ಬೇರೆ ಫಲಿತಾಂಶ ಕೊಡುತ್ತವೆ. ಅಕ್ಕಪಕ್ಕದಲ್ಲಿ ಹೊಡೆಯುವ ಇಬ್ಬರ ಬಳಿ ಒಂದೇ ಮಾಡೆಲ್ ರೈಫಲ್ ಇದ್ದರೂ ಇಬ್ಬರಿಗೂ ಒಂದೇ ಲಾಟ್ ಹಿಡಿಸಬೇಕೆಂದಿಲ್ಲ.

ಮೊದಲು ನಳಿಗೆಯ ಮೇಲಿನ ಬರಹ ಓದಿ

ಅಂಗಡಿಗೆ ಹೋಗುವ ಮುಂಚೆ ಬ್ಯಾರೆಲ್ ಮೇಲೆ ಏನು ಕೊರೆದಿದೆ ಎಂದು ನೋಡಿ. ".22" ಎಂದಷ್ಟೇ ಹೇಳಿದರೆ ಸಾಲದು. .22 ಎಲ್‌ಆರ್, .22 ಶಾರ್ಟ್, .22 ಡಬ್ಲ್ಯುಎಂಆರ್ ಬೇರೆ ಬೇರೆ ಕಾಡತೂಸುಗಳು. ಡಬ್ಲ್ಯುಎಂಆರ್, ಅಂದರೆ ಮ್ಯಾಗ್ನಮ್, ಕೇಸು ಎಲ್‌ಆರ್‌ಗಿಂತ ದಪ್ಪ. ಮ್ಯಾಗ್ನಮ್ ಚೇಂಬರ್‌ಗೆ (ನಳಿಗೆಯ ಹಿಂಬದಿಯಲ್ಲಿ ಕಾಡತೂಸು ಕೂರುವ ಜಾಗಕ್ಕೆ) ಎಲ್‌ಆರ್ ಹಾಕಿದರೆ ಸಡಿಲವಾಗಿ ಕೂತುಬಿಡುತ್ತದೆ. ಹಾರಿಸಿದರೆ ಕೇಸು ಸೀಳಿ ಬಿಸಿ ಅನಿಲ ಮುಖದತ್ತ ನುಗ್ಗಬಹುದು. ಶಾರ್ಟ್ ಕಾಡತೂಸು ಎಲ್‌ಆರ್ ಚೇಂಬರ್‌ನಲ್ಲಿ ಹಾರುತ್ತದೆ. ಆದರೆ ಅದರ ಕೇಸು ಗಿಡ್ಡವಾದ್ದರಿಂದ ಮುಂದೆ ಮಸಿಯ ಉಂಗುರ ಕಟ್ಟಿಕೊಂಡು, ಆಮೇಲೆ ಎಲ್‌ಆರ್ ಹಾಕಿದಾಗ ಬಿಗಿಯಾಗುತ್ತದೆ.

ಇನ್ನೊಂದು ಎಚ್ಚರಿಕೆ ಸಿಸಿಐ ಕಂಪನಿಯ ಸ್ಟಿಂಗರ್ ಕಾಡತೂಸಿನ ಬಗ್ಗೆ. ಅದರ ಹೆಸರು ಎಲ್‌ಆರ್ ಎಂದಿದ್ದರೂ ಕೇಸು ಸುಮಾರು 17.8 ಮಿ.ಮೀ. ಉದ್ದ, ಸಾಮಾನ್ಯ ಎಲ್‌ಆರ್ ಕೇಸು 15.6 ಮಿ.ಮೀ. ಸ್ಪರ್ಧೆಯ ರೈಫಲ್‌ಗಳ ಬಿಗಿ ಚೇಂಬರ್‌ಗೆ ಅದನ್ನು ಹಾಕಲೇಬಾರದು.

ನಳಿಗೆಯ ಒಳತಿರುವನ್ನೂ ತಿಳಿದಿರಿ. .22 ಎಲ್‌ಆರ್ ರೈಫಲ್‌ಗಳಲ್ಲಿ 16 ಇಂಚಿಗೆ ಒಂದು ಸುತ್ತು ರೂಢಿ. ಅದು 40 ಗ್ರೇನ್, ಅಂದರೆ 2.6 ಗ್ರಾಂ ಗುಂಡಿಗೆ ಹೇಳಿ ಮಾಡಿಸಿದ್ದು. 60 ಗ್ರೇನ್‌ನ ಭಾರದ ಗುಂಡು ಈ ತಿರುವಿನಲ್ಲಿ ಸ್ಥಿರವಾಗದೆ ಅಡ್ಡಡ್ಡ ಹಾರಿ, ಕಾಗದದಲ್ಲಿ ದುಂಡಗಿನ ತೂತಿನ ಬದಲು ಉದ್ದನೆಯ ಸೀಳು ಮಾಡುತ್ತದೆ. ಅಂಥ ಸೀಳು ಕಂಡರೆ ದುರ್ಬೀನನ್ನೋ ಸೈಟನ್ನೋ ತಿರುಗಿಸುತ್ತ ಕೂರಬೇಡಿ, ಕಾಡತೂಸು ಬದಲಿಸಿ.

ವೇಗ: ಇಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲ

ಡಬ್ಬಿಯ ಮೇಲೆ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ ಇಷ್ಟು ಅಡಿ ಎಂದು ಬರೆದಿರುತ್ತಾರೆ. ಸ್ಟ್ಯಾಂಡರ್ಡ್ ವೆಲಾಸಿಟಿ ಎಂದರೆ ಸುಮಾರು 1,050ರಿಂದ 1,080 ಅಡಿ, ಅಂದರೆ 320ರಿಂದ 330 ಮೀಟರ್. ಹೈ ವೆಲಾಸಿಟಿ ಎಂದರೆ 1,200 ಅಡಿ ಮತ್ತು ಮೇಲೆ. ನಡುವೆ ಶಬ್ದದ ವೇಗವಿದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 346 ಮೀಟರ್. ಹೈ ವೆಲಾಸಿಟಿ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ವೇಗ ಕಳೆದುಕೊಂಡು ಆ ಗಡಿಯನ್ನು ದಾಟಿ ಕೆಳಗಿಳಿಯುತ್ತದೆ. ದಾಟುವ ಹೊತ್ತಿನಲ್ಲಿ ಗಾಳಿಯ ಒತ್ತಡ ಏರುಪೇರಾಗಿ ಗುಂಡು ಅಲುಗುತ್ತದೆ. ಸ್ಪರ್ಧೆಯ ಕಾಡತೂಸುಗಳೆಲ್ಲ ಶಬ್ದದ ವೇಗಕ್ಕಿಂತ ಕೆಳಗೇ ಇರುವುದು ಈ ಕಾರಣಕ್ಕೆ. ಅಡ್ಡಗಾಳಿಯೂ ನಿಧಾನದ ಗುಂಡನ್ನು ಹೈ ವೆಲಾಸಿಟಿ ಗುಂಡಿಗಿಂತ ಕಡಿಮೆ ಸರಿಸುತ್ತದೆ. ಹೊಸಬರಿಗೆ ನಂಬಲು ಕಷ್ಟ, ಆದರೆ .22ರಲ್ಲಿ ಇದು ನಿಜ.

ಕರ್ನಾಟಕದ ಹವೆಯಲ್ಲಿ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು ಶಬ್ದದ ಗಡಿ ಮುಟ್ಟುವುದಿಲ್ಲ. ಬೇಸಿಗೆಯ 35 ಡಿಗ್ರಿಯಲ್ಲಿ ಆ ಗಡಿ 352 ಮೀಟರ್‌ಗೆ ಏರಿರುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲೋ ಕೆನಡಾದಲ್ಲೋ ಇರುವ ಕನ್ನಡಿಗರು ಚಳಿಗಾಲದಲ್ಲಿ ಹೊಡೆಯುವಾಗ ಲೆಕ್ಕ ಬದಲಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಶಬ್ದದ ವೇಗ 331 ಮೀಟರ್‌ಗೆ ಇಳಿಯುವುದರಿಂದ ಅದೇ ಡಬ್ಬಿಯ ಕೆಲವು ಗುಂಡುಗಳು ಗಡಿಯ ಹತ್ತಿರ ಹೋಗುತ್ತವೆ. ಅಲ್ಲಿ ಇನ್ನಷ್ಟು ನಿಧಾನದ ಸಬ್‌ಸಾನಿಕ್ ಕಾಡತೂಸು ಇಟ್ಟುಕೊಳ್ಳುವುದು ಒಳಿತು.

ವೇಗ ಎಷ್ಟು ಎಂಬುದಕ್ಕಿಂತ ಒಂದು ಈಡಿನಿಂದ ಇನ್ನೊಂದಕ್ಕೆ ಎಷ್ಟು ಬದಲಾಗುತ್ತದೆ ಎಂಬುದು ಮುಖ್ಯ. 50 ಮೀಟರ್ ದೂರ ಮುಟ್ಟುವಷ್ಟರಲ್ಲಿ ಈ ಗುಂಡು ನಳಿಗೆಯ ನೇರದಿಂದ ಸುಮಾರು 12–13 ಸೆಂ.ಮೀ. ಕೆಳಗೆ ಬೀಳುತ್ತದೆ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಾದರೆ ಆ ಬೀಳು ಸುಮಾರು 7–8 ಮಿ.ಮೀ. ಹೆಚ್ಚುಕಡಿಮೆಯಾಗುತ್ತದೆ. 50 ಮೀಟರ್ ರೈಫಲ್ ಗುರಿಹಲಗೆಯ ಹತ್ತರ ಉಂಗುರದ ಒಟ್ಟು ವ್ಯಾಸವೇ 10.4 ಮಿ.ಮೀ. ನಿಮ್ಮ ಗುಂಪು, ಅಂದರೆ ಒಂದೇ ಗುರಿಗೆ ಹೊಡೆದ ಈಡುಗಳ ತೂತುಗಳ ಕೂಟ, ಮೇಲೆಕೆಳಗೆ ಉದ್ದವಾಗಿ ಹರಡಿದ್ದು ಅಕ್ಕಪಕ್ಕ ಕಿರಿದಾಗಿದ್ದರೆ, ಉಸಿರಾಟವನ್ನು ದೂರುವ ಮೊದಲು ಕಾಡತೂಸಿನ ವೇಗ ಏರುಪೇರಾಗುತ್ತಿದೆಯೇ ಎಂದು ಅನುಮಾನಿಸಿ.

ಯಾವ ರೈಫಲ್‌ಗೆ ಯಾವುದು? ಬೋಲ್ಟ್ ಆಕ್ಷನ್ ಆದರೆ ಸ್ಟ್ಯಾಂಡರ್ಡ್ ವೆಲಾಸಿಟಿ, ಮರುಮಾತಿಲ್ಲ. ಬೋಲ್ಟನ್ನು ಕೈಯೇ ಎಳೆಯುವುದರಿಂದ ಅದಕ್ಕೆ ಶಕ್ತಿಯ ಹಂಗಿಲ್ಲ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಬೋಲ್ಟನ್ನು ಹಿಂದಕ್ಕೆ ತಳ್ಳುವುದು ಈಡಿನ ಒತ್ತಡವೇ. ನಿಧಾನದ ಕಾಡತೂಸಿಗೆ ಬೋಲ್ಟು ಪೂರ್ತಿ ಹಿಂದೆ ಸರಿಯದೆ, ಖಾಲಿ ಕೇಸು ಬಾಯಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಳ್ಳುತ್ತದೆ. ಅಂಥ ರೈಫಲ್‌ಗೆ 40 ಗ್ರೇನ್‌ನ, ತಾಮ್ರದ ಲೇಪವಿರುವ, 1,200 ಅಡಿ ಮೇಲ್ಪಟ್ಟ ಕಾಡತೂಸಿನಿಂದ ಶುರುಮಾಡಿ.

ಗುರಿಗೆ ತಕ್ಕ ಖರ್ಚು

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಊರೂರಿನಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ದುಬಾರಿ ಮ್ಯಾಚ್ ಕಾಡತೂಸು ಬೇಕೆ? ಬೇಡ. ತೆಂಗಿನಕಾಯಿ ಅಂಗೈ ಅಗಲಕ್ಕಿಂತ ದೊಡ್ಡ ಗುರಿ. 50 ಮೀಟರ್‌ನಲ್ಲಿ 30–40 ಮಿ.ಮೀ. ಗುಂಪು ಕೊಡುವ ಕಾಡತೂಸು ಧಾರಾಳ ಸಾಕು. ಉಳಿದ ಹರಡುವಿಕೆಯೆಲ್ಲ ನಿಂತು ಹೊಡೆಯುವವರ ತೋಳಿನದು. ಆದರೆ ಅಲ್ಲಿ ಸಿಗುವುದು ಬೆರಳೆಣಿಕೆಯ ಈಡುಗಳು. ಅದರಲ್ಲಿ ಒಂದು ಮಿಸ್‌ಫೈರ್ ಆದರೆ ಹೊಂದಿಸಿಕೊಂಡಿದ್ದ ಮನಸ್ಸೂ ಕೈಯೂ ಎರಡೂ ಕದಡುತ್ತವೆ. ಆದ್ದರಿಂದ ಇಲ್ಲಿ ಹಣ ಹಾಕಬೇಕಾದ್ದು ತಪ್ಪದೆ ಹಾರುವ ಕಾಡತೂಸಿನ ಮೇಲೆ, ಸೂಜಿಮೊನೆಯ ನಿಖರತೆಯ ಮೇಲಲ್ಲ. 50 ಮೀಟರ್ ಪ್ರೋನ್ (ಬೋರಲು ಮಲಗಿ ಹೊಡೆಯುವ ಸ್ಪರ್ಧೆ) ಹೊಡೆಯುವವರ ಲೆಕ್ಕ ಬೇರೆ. ಅವರಿಗೆ ಎರಡೂ ಬೇಕು, ಜೊತೆಗೆ ಅಂತರರಾಷ್ಟ್ರೀಯ ನಿಯಮದಂತೆ ಗುಂಡು ಸೀಸ ಅಥವಾ ಅಂಥದ್ದೇ ಮೆದು ಲೋಹದ್ದಾಗಿರಬೇಕು.

ಮಾರುಕಟ್ಟೆಯ ಮೆಟ್ಟಿಲುಗಳು ಸ್ಥೂಲವಾಗಿ ಹೀಗಿವೆ. ಇಂಗ್ಲೆಂಡಿನ ಈಲಿಯಲ್ಲಿ ಸ್ಪೋರ್ಟ್, ಕ್ಲಬ್, ಟೀಮ್, ಮ್ಯಾಚ್, ತುದಿಯಲ್ಲಿ ಟೆನೆಕ್ಸ್. ಜರ್ಮನಿಯ ಎಸ್‌ಕೆಯಲ್ಲಿ ಸ್ಟ್ಯಾಂಡರ್ಡ್ ಪ್ಲಸ್, ರೈಫಲ್ ಮ್ಯಾಚ್. ಲಾಪುವಾದಲ್ಲಿ ಸೆಂಟರ್ ಎಕ್ಸ್, ಮಿಡಾಸ್, ಎಕ್ಸ್ ಆಕ್ಟ್. ಆರ್‌ಡಬ್ಲ್ಯುಎಸ್‌ನಲ್ಲಿ ರೈಫಲ್ ಮ್ಯಾಚ್, ಆರ್ 50. ಅಮೆರಿಕದ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ಮತ್ತು ಮಿನಿ ಮ್ಯಾಗ್ ತಪ್ಪದೆ ಹಾರುವುದಕ್ಕೆ ಹೆಸರಾದವು. ನಮ್ಮಲ್ಲಿ ಪುಣೆ ಬಳಿಯ ಖಡ್ಕಿ ಕಾರ್ಖಾನೆಯ, ತಳದಲ್ಲಿ 'ಕೆಎಫ್' ಮುದ್ರೆಯಿರುವ ಕಾಡತೂಸು ಬಳಕೆಯಲ್ಲಿದೆ. ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ಮಧ್ಯದ ಮೆಟ್ಟಿಲಿನದು, ಅಂದರೆ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಅಥವಾ ಸಿಸಿಐ ಸ್ಟ್ಯಾಂಡರ್ಡ್‌ನಂಥದ್ದು, ಹವ್ಯಾಸಿಗೆ ಕೊಟ್ಟ ದುಡ್ಡಿಗೆ ಹೆಚ್ಚು ಫಲ ಕೊಡುತ್ತದೆ. ಅಲ್ಲಿಂದ ಟೆನೆಕ್ಸ್‌ಗೆ ಹೋದರೆ ಬೆಲೆ ಹಲವು ಪಟ್ಟು ಏರುತ್ತದೆ, ಗುಂಪು ಕುಗ್ಗುವುದು ಕೆಲವೇ ಮಿಲಿಮೀಟರ್.

ಭಾರತದಲ್ಲಿ ಪರವಾನಗಿಯಲ್ಲಿ ನಮೂದಾದ ಬೋರ್ ಮತ್ತು ಸಂಖ್ಯೆಯ ಮಿತಿಯೊಳಗೇ ಕಾಡತೂಸು ಖರೀದಿ. ಕೊಡಗಿನಲ್ಲಿ ಬಂದೂಕು ಪರವಾನಗಿಯಿಂದ ವಿನಾಯಿತಿ ಕೊಡುವ ಪತ್ರ ಇರುವವರೂ ಅದರಲ್ಲಿ ಏನು ಬರೆದಿದೆ ಎಂದು ಓದಿಕೊಂಡೇ ಹೋಗಬೇಕು. ಮಿತಿ ಕಡಿಮೆಯಿದ್ದಷ್ಟೂ ಪರೀಕ್ಷೆಗೆ ಎಷ್ಟು, ಸ್ಪರ್ಧೆಗೆ ಎಷ್ಟು ಎಂದು ಮೊದಲೇ ಹಂಚಿಕೊಳ್ಳಬೇಕಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ಡಬ್ಬಿಯ ಮೇಲಿನ ಲಾಟ್ ಸಂಖ್ಯೆಯನ್ನು ಮೊದಲು ಹುಡುಕಿ. ಈಲಿಯ ಮೇಲ್ದರ್ಜೆಯ ಡಬ್ಬಿಗಳಲ್ಲಿ ಲಾಟ್ ಜೊತೆ ಆ ಲಾಟ್‌ನ ವೇಗವನ್ನೂ ಅಚ್ಚು ಹಾಕಿರುತ್ತಾರೆ. ಆಮೇಲೆ ಡಬ್ಬಿ ತೆರೆದು ನಾಲ್ಕೈದು ಕಾಡತೂಸು ಬೆಳಕಿಗೆ ಹಿಡಿಯಿರಿ. ಸೀಸದ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ಹಿತ್ತಾಳೆ ಹಸಿರುಗಟ್ಟಿದ್ದರೆ ಅದು ತೇವದಲ್ಲಿ ಕೂತ ಮಾಲು, ಬೇಡ. ಗುಂಡನ್ನು ಬೆರಳಲ್ಲಿ ಹಗುರವಾಗಿ ತಿರುಗಿಸಿ: ಕೇಸಿನಲ್ಲಿ ಅದು ಸಡಿಲವಾಗಿ ತಿರುಗಿದರೆ ಆ ಡಬ್ಬಿಯನ್ನು ವಾಪಸ್ ಇಡಿ. ರಿಮ್ ಎಲ್ಲೂ ನೆಗ್ಗಿರಬಾರದು. ಗುಂಡಿನ ಮೇಲಿನ ಮೇಣದ ಲೇಪ ಒಂದೇ ಸಮನಾಗಿರಬೇಕು. ಕರಗಿ ಒಂದು ಕಡೆ ಇಳಿದಿದ್ದರೆ ಡಬ್ಬಿ ಎಲ್ಲೋ ಬಿಸಿಯಲ್ಲಿ ಇತ್ತು ಎಂದರ್ಥ.

ಒಂದೇ ಸಲಕ್ಕೆ ದೊಡ್ಡ ಪ್ರಮಾಣದಲ್ಲಿ ತರಬೇಡಿ. ಮೂರು ಅಥವಾ ನಾಲ್ಕು ಬಗೆಯ ಒಂದೊಂದು ಡಬ್ಬಿ ತನ್ನಿ. ನಿಮಗೆ ಹೊಂದಿದ ಲಾಟ್‌ನಲ್ಲಿ ಉಳಿದದ್ದನ್ನು ತೆಗೆದಿಡಲು ಅಂಗಡಿಯವರಿಗೆ ಹೇಳಿಬನ್ನಿ.

ಪರೀಕ್ಷೆ: 50ರ ಡಬ್ಬಿಯನ್ನು ಹೀಗೆ ಖರ್ಚು ಮಾಡಿ

ಗಾಳಿ ಶಾಂತವಾಗಿರುವ ಬೆಳಗಿನ ಹೊತ್ತು, ಮೇಜಿನ ಮೇಲೆ ಮರಳಿನ ಚೀಲ ಇಟ್ಟು, 50 ಮೀಟರ್‌ನಲ್ಲಿ ಹೊಡೆಯಿರಿ.

1. ಮೊದಲ 10 ಈಡು ಲೆಕ್ಕಕ್ಕಿಲ್ಲ. ಪ್ರತಿ ಕಂಪನಿಯ ಮೇಣ ಬೇರೆ. ಹಿಂದಿನದರ ಲೇಪ ಹೋಗಿ ಹೊಸದರದು ನಳಿಗೆಯೊಳಗೆ ಕೂರುವವರೆಗೆ ಗುಂಪು ಅಲೆದಾಡುತ್ತದೆ. ಕೆಲವು ನಳಿಗೆ 20–25 ಕೇಳುತ್ತದೆ. ಹತ್ತರ ನಂತರವೂ ಈಡುಗಳು ಅಲೆಯುತ್ತಿದ್ದರೆ ಇನ್ನಷ್ಟು ಕೊಡಿ.

2. ಮುಂದಿನ 25ರಲ್ಲಿ ಐದೈದು ಈಡಿನ ಐದು ಗುಂಪು, ಒಂದೊಂದಕ್ಕೂ ಬೇರೆ ಗುರಿ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, 5.6 ಮಿ.ಮೀ. ಕಳೆಯಿರಿ. ಐದೂ ಗುಂಪಿನ ಸರಾಸರಿ ತೆಗೆಯಿರಿ. ಅತ್ಯುತ್ತಮ ಗುಂಪನ್ನು ಮಾತ್ರ ಫೋಟೊ ತೆಗೆದು ಇಟ್ಟುಕೊಂಡರೆ ಅದರಿಂದ ಏನೂ ತಿಳಿಯುವುದಿಲ್ಲ. ಮೂರು ಈಡಿನ ಗುಂಪು ಅದೃಷ್ಟದಿಂದಲೂ ಚಿಕ್ಕದಾಗುತ್ತದೆ.

3. "ನಾನು ಎಳೆದುಬಿಟ್ಟೆ" ಎಂದು ಕೆಟ್ಟ ಈಡನ್ನು ಹೊರಗಿಡುವುದಿದ್ದರೆ ತೂತು ನೋಡುವ ಮೊದಲೇ ಹೇಳಬೇಕು. ನೋಡಿದ ಮೇಲೆ ಹೇಳಿದರೆ ಲೆಕ್ಕಕ್ಕೆ ಸೇರಿಸಿ.

4. ಉಳಿದ 15 ಈಡನ್ನು ನೀವು ನಿಜವಾಗಿ ಹೊಡೆಯುವ ಭಂಗಿಯಲ್ಲಿ, ಮ್ಯಾಗಜಿನ್ ತುಂಬಿ, ಸಹಜ ವೇಗದಲ್ಲಿ ಹೊಡೆಯಿರಿ. ಕಾಡತೂಸು ಸಲೀಸಾಗಿ ಏರುತ್ತದೆಯೇ, ಖಾಲಿ ಕೇಸು ಸುಲಭವಾಗಿ ಹೊರಬರುತ್ತದೆಯೇ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಒಳ್ಳೆಯ ಬೋಲ್ಟ್ ರೈಫಲ್‌ನಲ್ಲಿ ಮ್ಯಾಚ್ ಕಾಡತೂಸು 10–15 ಮಿ.ಮೀ., ಮಧ್ಯಮ ದರ್ಜೆಯದು 20–30, ಅಗ್ಗದ ಸಗಟು ಮಾಲು 35–50 ಮಿ.ಮೀ. ಸರಾಸರಿ ಕೊಟ್ಟರೆ ಅದು ನಿರೀಕ್ಷಿತವೇ.

ನಿಖರತೆಗೆ 25 ಈಡು ಸಾಕಾದರೂ ವಿಶ್ವಾಸಾರ್ಹತೆಗೆ ಸಾಲದು. 50 ಈಡಿನಲ್ಲಿ ಒಂದೂ ಮಿಸ್‌ಫೈರ್ ಆಗಲಿಲ್ಲ ಎಂದ ಮಾತ್ರಕ್ಕೆ ಆ ಲಾಟ್ ನೂರಕ್ಕೆ ಒಂದಕ್ಕಿಂತ ಕಡಿಮೆ ಕೆಡುತ್ತದೆ ಎನ್ನಲಾಗದು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅಷ್ಟರಿಂದ ಹೇಳಬಹುದಾದ್ದು "ನೂರಕ್ಕೆ ಆರಕ್ಕಿಂತ ಕಡಿಮೆ" ಎಂದಷ್ಟೇ. ನೂರಕ್ಕೆ ಒಂದಕ್ಕಿಂತ ಕಡಿಮೆ ಎನ್ನಲು ಸುಮಾರು 300 ಈಡು ಸತತವಾಗಿ ಹಾರಬೇಕು. ಅದಕ್ಕಾಗಿ ಬೇರೆ ಪರೀಕ್ಷೆ ಬೇಡ. ಅಭ್ಯಾಸದ ದಿನಗಳಲ್ಲಿ ಲಾಟ್ ಸಂಖ್ಯೆ, ಹೊಡೆದ ಈಡು, ಕೆಟ್ಟದ್ದು ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆಯುತ್ತ ಹೋದರೆ ತಾನಾಗಿ ತಿಳಿಯುತ್ತದೆ.

ರಿಮ್ ದಪ್ಪ ಅಳೆದು, ತೂಗಿ ಬೇರ್ಪಡಿಸುವ ಪದ್ಧತಿ ಕೆಲವರಲ್ಲಿದೆ. ಅಗ್ಗದ ಮಾಲಿನಲ್ಲಿ ದಾರಿತಪ್ಪಿದ ಒಂದೆರಡನ್ನು ಹೆಕ್ಕಲು ಅದು ಉಪಯೋಗಕ್ಕೆ ಬರಬಹುದು. ಆ ಸಮಯವನ್ನು ಅಭ್ಯಾಸಕ್ಕೆ ಕೊಟ್ಟರೆ ಅಂಕ ಹೆಚ್ಚು ಏರುತ್ತದೆ.

ಹಾರದಿದ್ದರೆ ದೋಷ ಯಾರದು?

ಮಿಸ್‌ಫೈರ್ ಆದೊಡನೆ ಎಲ್ಲರೂ ಕಾಡತೂಸನ್ನು ಬೈಯುತ್ತಾರೆ. ನಿಜವಾದ ಕಾರಣ ಎಷ್ಟೋ ಸಲ ರೈಫಲ್‌ನಲ್ಲೇ ಇರುತ್ತದೆ. ಆದರೆ ಪರೀಕ್ಷೆಗಿಂತ ಮೊದಲು ಸುರಕ್ಷತೆ: ಕುದುರೆ ಎಳೆದು "ಟಿಕ್" ಎಂದಷ್ಟೇ ಸದ್ದಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ನಿಮ್ಮ ರೇಂಜಿನ ನಿಯಮ ಹೆಚ್ಚು ಹೇಳಿದರೆ ಅಷ್ಟು. ತಡವಾಗಿ ಹೊತ್ತಿಕೊಳ್ಳುವ ಕಾಡತೂಸು ಅಪರೂಪ, ಆದರೆ ಇದೆ. ಬೋಲ್ಟ್ ತೆರೆದಿರುವಾಗ ಅದು ಸಿಡಿದರೆ ಹಿತ್ತಾಳೆಯ ಚೂರು ಕಣ್ಣಿಗೆ ಬರುತ್ತದೆ. ಕನ್ನಡಕ, ಕಿವಿರಕ್ಷೆ ಹಾಕಿಯೇ ಇರಿ.

ಹೊರತೆಗೆದ ಮೇಲೆ ರಿಮ್ ಮೇಲಿನ ಪಿನ್ ಗುರುತನ್ನು ನೋಡಿ, ಹಾರಿದ ಕೇಸಿನ ಗುರುತಿನ ಪಕ್ಕ ಇಟ್ಟು ಹೋಲಿಸಿ. ಎರಡೂ ಒಂದೇ ಆಳವಿದ್ದರೆ ದೋಷ ಬಹುಪಾಲು ಕಾಡತೂಸಿನದು. ಅದನ್ನೇ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿದಾಗ ಹಾರಿದರೆ, ಮೊದಲ ಜಾಗದಲ್ಲಿ ಮದ್ದು ಇರಲಿಲ್ಲ ಎಂದು ಖಾತ್ರಿಯಾಯಿತು. ಎರಡನೇ ಸಲವೂ ಹಾರದಿದ್ದರೆ ಬಿಟ್ಟುಬಿಡಿ.

ಗುರುತು ಮೇಲುಮೇಲಿದ್ದರೆ ರೈಫಲ್ ಕಡೆ ತಿರುಗಿ. ಚೇಂಬರ್‌ನಲ್ಲಿ ಮೇಣ, ಮಸಿ ಕಟ್ಟಿದ್ದರೆ ಕಾಡತೂಸು ಪೂರ್ತಿ ಕೂರುವುದಿಲ್ಲ. ಪಿನ್ ಬಡಿದಾಗ ಅದು ಮುಂದೆ ಜಾರಿ ಪೆಟ್ಟಿನ ಬಲವನ್ನು ನುಂಗಿಬಿಡುತ್ತದೆ. ಎರಡನೇ ಪೆಟ್ಟಿಗೆ ಎಲ್ಲ ಕಾಡತೂಸೂ ಹಾರುತ್ತಿದ್ದರೆ ಇದೇ ಕಾರಣ ಎಂದುಕೊಳ್ಳಬಹುದು. ಹಿತ್ತಾಳೆ ಬ್ರಷ್‌ಗೆ ಎರಡು ಹನಿ ಸಾಲ್ವೆಂಟ್ ಹಾಕಿ ಚೇಂಬರ್ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. 200–300 ಈಡಿಗೊಮ್ಮೆ ಚೇಂಬರ್‌ಗೆ ಇಷ್ಟು ಮಾಡಬೇಕು. ನಳಿಗೆಯನ್ನು ಗುಂಪು ಕೆಟ್ಟಾಗ ಮಾತ್ರ ಮುಟ್ಟಿ. ಬೋಲ್ಟಿನೊಳಗೆ ಹಳೆಯ ಎಣ್ಣೆ ಅಂಟಾಗಿ ಪಿನ್ ನಿಧಾನವಾಗುವುದು ಇನ್ನೊಂದು ಕಾರಣ, ಸೋತ ಸ್ಪ್ರಿಂಗ್ ಮತ್ತೊಂದು. ಖಾಲಿ ಚೇಂಬರ್‌ನಲ್ಲಿ ಪದೇಪದೇ ಕುದುರೆ ಎಳೆದಿದ್ದರೆ ಪಿನ್ ಚೇಂಬರ್‌ನ ಅಂಚಿಗೇ ಬಡಿದು ಅಲ್ಲಿ ಗಂಟು ಎದ್ದಿರಬಹುದು. ಅದನ್ನು ಸರಿಮಾಡುವುದು ಗನ್‌ಸ್ಮಿತ್ ಕೆಲಸ.

"ಟಿಕ್"ಗಿಂತ ಅಪಾಯಕಾರಿ "ಪುಸ್" ಎಂಬ ಕುಗ್ಗಿದ ಸದ್ದು. ಗುಂಡು ನಳಿಗೆಯ ನಡುವೆಯೇ ನಿಂತಿರಬಹುದು. ಕಾಗದದಲ್ಲಿ ತೂತು ಕಾಣದಿದ್ದರೆ ಮುಂದಿನ ಈಡು ಹಾಕಲೇಬೇಡಿ. ಕಾದು, ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕು ಕಾಣುತ್ತದೆಯೇ ನೋಡಿ. ಅಡ್ಡವಿದ್ದರೆ ಅಂದಿನ ಹೊಡೆತ ಮುಗಿಯಿತು.

ಬಿಗಿ ಚೇಂಬರ್‌ನ ಮ್ಯಾಚ್ ರೈಫಲ್‌ನಲ್ಲಿ ಇನ್ನೊಂದು ಕಿರಿಕಿರಿ ಇದೆ. ಹಾರಿಸದ ಕಾಡತೂಸನ್ನು ಹೊರಗೆಳೆದಾಗ ಗುಂಡು ನಳಿಗೆಯ ಗೆರೆಗಳಲ್ಲೇ ಕಚ್ಚಿಕೊಂಡು ಉಳಿದು, ಮದ್ದು ಬೋಲ್ಟಿನೊಳಗೆ ಚೆಲ್ಲುತ್ತದೆ. ಇದು ಕಾಡತೂಸಿನ ದೋಷವಲ್ಲ. ಹಾರಿಸುವುದು ಖಚಿತವಾದಾಗ ಮಾತ್ರ ಲೋಡ್ ಮಾಡಿ.

ಮಳೆಗಾಲ ದಾಟಿಸುವುದು

ಮಲೆನಾಡು, ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್ ಕಾಡತೂಸಿಗೆ ಕಠಿಣ ಕಾಲ. ಕೇಸಿಗೂ ಗುಂಡಿಗೂ ನಡುವೆ ಬರಿಯ ಒತ್ತುಹಿಡಿತ ಇರುವುದರಿಂದ ತೇವ ನಿಧಾನವಾಗಿ ಒಳನುಸುಳುತ್ತದೆ. ಮೂಲ ಡಬ್ಬಿಯ ಸಮೇತ, ರಬ್ಬರ್ ಅಂಚಿನ ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು ಬೀಗ ಹಾಕಿ. ಬಣ್ಣ ಬದಲಾಯಿಸುವ ಜೆಲ್ ಆದರೆ ಯಾವಾಗ ಒಣಗಿಸಬೇಕೆಂದು ಅದೇ ತೋರಿಸುತ್ತದೆ. ಮಳೆ ಬಿದ್ದ ದಿನ ರೇಂಜಿನಿಂದ ತಂದ ಅರ್ಧ ಡಬ್ಬಿಯನ್ನು ನೇರವಾಗಿ ಪೆಟ್ಟಿಗೆಗೆ ಸೇರಿಸದೆ, ಒಣಕೋಣೆಯಲ್ಲಿ ಒಂದು ದಿನ ಆರಲು ಬಿಟ್ಟು ಆಮೇಲೆ ಇಡಿ. ಆ ಒಂದು ದಿನವೂ ಅದು ಮಕ್ಕಳ ಕೈಗೆ ಸಿಗದ, ಬೀಗವಿರುವ ಜಾಗವೇ ಆಗಿರಲಿ.

ತುಕ್ಕು ತಡೆಯಲೆಂದು ಕಾಡತೂಸಿಗೆ ಎಣ್ಣೆ ಸವರುವ ಅಭ್ಯಾಸ ಪೂರ್ತಿ ಬಿಡಿ. ತೆಳು ಎಣ್ಣೆ ಸಂದಿಯಿಂದ ಇಳಿದು ರಿಮ್‌ನ ಮದ್ದನ್ನೇ ಸಾಯಿಸುತ್ತದೆ. ಎಣ್ಣೆ ಹಚ್ಚಿದ ಚೇಂಬರ್ ಕೂಡ ಹೊಡೆಯುವ ಮುನ್ನ ಒರೆಸಿರಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಡಬ್ಬಿ ಬಿಟ್ಟರೆ ಮೇಣ ಕರಗುತ್ತದೆ. ಬಿಡಿಯಾಗಿ ಜೇಬಿಗೆ ಹಾಕಿಕೊಂಡರೆ ಮೇಣಕ್ಕೆ ದೂಳು ಅಂಟಿ, ಆ ದೂಳು ನಳಿಗೆಯನ್ನು ಸವೆಸುತ್ತದೆ.

ನೆಲಕ್ಕೆ ಬಿದ್ದ, ರಿಮ್ ನೆಗ್ಗಿದ, ಎರಡು ಪೆಟ್ಟಿಗೂ ಹಾರದ ಕಾಡತೂಸುಗಳನ್ನು ಬೇರೆ ಡಬ್ಬಿಯಲ್ಲಿ ಗುರುತು ಮಾಡಿ ಇಡಿ. ಅವನ್ನು ಕಸಕ್ಕೋ ಕೆರೆಗೋ ಎಸೆಯಬೇಡಿ, ಬಿಚ್ಚಲೂ ಹೋಗಬೇಡಿ. ರೇಂಜಿನ ಉಸ್ತುವಾರಿಯವರಿಗೆ ಅಥವಾ ಪರವಾನಗಿ ಇರುವ ಅಂಗಡಿಯವರಿಗೆ ಲೆಕ್ಕ ಹೇಳಿ ಒಪ್ಪಿಸಿ. ಹೊಡೆದು ಮುಗಿದ ಮೇಲೆ, ತಿಂಡಿ ಮುಟ್ಟುವ ಮೊದಲು, ಕೈಯನ್ನು ಸೋಪು ಹಚ್ಚಿ ತಣ್ಣೀರಲ್ಲಿ ಚೆನ್ನಾಗಿ ತೊಳೆಯಿರಿ: ಬೆರಳಿಗೆ ಅಂಟಿದ ಆ ಬೂದುಬಣ್ಣದ ಜಿಡ್ಡಿನಲ್ಲಿ ಸೀಸವಿದೆ.